ಕುಂಬಳಕಾಯಿಗೆ ಮೊದಲ ಕತ್ತಿ

ಮೊರದ ತುಂಬ ಕುಂಬಳದ ಬೀಜ ಒಣಗುತ್ತಿತ್ತು. ಬೆಳಗಿನ ವಾಕಿಂಗ್ ಮುಗಿಸಿ ಬಂದ ಶೇಷಪ್ಪನವರು ಅಂಗಳದಲ್ಲೇ ನಿಂತುಬಿಟ್ಟರು. ನಿನ್ನೆ ರಾತ್ರಿ ಊಟದ ಹೊತ್ತಿಗೆ ಆ ಸಿಹಿಗುಂಬಳ ಅಡುಗೆಮನೆಯ ಮೂಲೆಯಲ್ಲಿ ಇಡಿಯಾಗಿ ಕೂತಿತ್ತು. ಒಡೆದವರು ಯಾರು?

ಇದೇನು ಮಹಾ ಪ್ರಶ್ನೆ ಎನ್ನಬೇಡಿ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕಬಾರದು ಅಂತ ಒಂದು ಶಾಸ್ತ್ರ. ಗಂಡಸು ಎರಡು ಹೋಳು ಮಾಡಿಕೊಟ್ಟ ಮೇಲೆ ಅವರು ಹುಳಿಯಾದರೂ ಮಾಡಲಿ, ಪಲ್ಯವಾದರೂ ಮಾಡಲಿ. ವಿದ್ಯಾನಗರದ ಆ ಅಡ್ಡರಸ್ತೆಯಲ್ಲಿ ಹಗಲು ಹೊತ್ತು ಗಂಡಸರು ಎಲ್ಲಿರುತ್ತಾರೆ? ಆಫೀಸು, ಅಂಗಡಿ ಅಂತ ಒಬ್ಬೊಬ್ಬರು ಒಂದೊಂದು ಕಡೆ. ಉಳಿದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫರ್ನೆಸ್ ಮುಂದೆ ಬೆಂದು ರಿಟೈರಾದ ಶೇಷಪ್ಪನವರು ಒಬ್ಬರೇ. "ಶೇಷಪ್ಪನೋರೇ, ಒಂಚೂರು ಕುಂಬಳಕಾಯಿ ಒಡ್ಕೊಟ್ಟು ಹೋಗ್ತೀರಾ?" ಎಂದು ಯಾವ ಮನೆಯಿಂದ ಕೂಗು ಬಂದರೂ, ಪಂಚೆ ಎತ್ತಿ ಕಟ್ಟಿ, ತಮ್ಮದೇ ಕತ್ತಿ ಹಿಡಿದು ಹೊರಡುತ್ತಿದ್ದರು. ಒಂದೇ ಏಟು, ಎರಡು ಹೋಳು. ಕಾರ್ಖಾನೆ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಹುದ್ದೆ ಅದೊಂದೇ.

ಅಂಥವರ ಮನೆಯಲ್ಲೇ ಹೀಗೆ!

"ಮೊರದಲ್ಲಿ ಏನೇ ಅದು, ಒಣಗ್ತಿರೋದು?" ಎಂದರು ಒಳಗೆ ಬಂದು.

ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಬಂಗಾರಮ್ಮ ತಿರುಗಲಿಲ್ಲ. "ನಾನೇನೂ ಕರೀಲಿಲ್ಲಪ್ಪ. ವಿಷ್ಣುಪ್ರಸಾದೋರು ಹಾಲು ತರಕ್ಕೆ ಹೋಗ್ತಿದ್ರು, ಅವ್ರೇ ಒಡ್ಕೊಟ್ರು" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ನೋಡಿ.

ಈ ವಿಷ್ಣುಪ್ರಸಾದ ಎದುರುಮನೆಯ ಮಹಡಿಗೆ ಬಾಡಿಗೆಗೆ ಬಂದು ಆರು ತಿಂಗಳಾಗಿತ್ತು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕೆಲಸ. ಹೆಂಡತಿಗೆ ಬೇರೆ ಊರಲ್ಲಿ ನೌಕರಿಯಾದ್ದರಿಂದ ತಾನೇ ಬೇಯಿಸಿಕೊಳ್ಳುತ್ತಿದ್ದ. ಬೇಯಿಸಿಕೊಂಡು, ತಿಂದು, ತೆಪ್ಪಗಿರಬಾರದೇ? ಹಿಂದಿನ ಭಾನುವಾರ ಓವನ್ನಿನಲ್ಲಿ ಕುಂಬಳಕಾಯಿ ಸುಟ್ಟು, ಬೇಳೆ, ಮಸಾಲೆ ಸೇರಿಸಿ ರುಬ್ಬಿ ಸೂಪು ಮಾಡಿ, ಒಂದು ಬಟ್ಟಲು ತಂದುಕೊಟ್ಟಿದ್ದ. ಬಂಗಾರಮ್ಮ ಬಾಯಿ ಚಪ್ಪರಿಸಿ, "ಏನ್ ರುಚಿ ಮಾರಾಯ್ರೆ! ಗಂಡಸರು ಅಂದ್ರೆ ಹಿಂಗಿರ್ಬೇಕು" ಎಂದಿದ್ದರು. ಒಂದು ಸಲವಲ್ಲ, ಮೂರು ಸಲ. ಸಾಲದೆಂದು ಭದ್ರಾವತಿಯಲ್ಲಿರುವ ತಂಗಿ ವೀಣಾಗೆ ಫೋನಿನಲ್ಲೂ ವರದಿ ಒಪ್ಪಿಸಿದ್ದರು. ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದ ಗಂಡನಿಗೆ ಒಂದಕ್ಷರ ತಲೆಗೆ ಹತ್ತಿರಲಿಲ್ಲ.

ಸೂಪಿನ ಸಂಕಟವನ್ನು ಹೇಗೋ ನುಂಗಿಕೊಂಡಿದ್ದರು. ಆದರೆ ಈಗ ತನ್ನ ಮನೆಯ ಕುಂಬಳಕಾಯಿಗೆ ಅವನ ಕತ್ತಿ! ಅದೂ ತಾನು ಹೊರಗೆ ಹೋದ ಹೊತ್ತು ನೋಡಿಕೊಂಡು! ಶೇಷಪ್ಪನವರಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ, ಧಗಧಗ ಉರಿಯಿತು. ಅಂದು ಹುಳಿಯಲ್ಲಿದ್ದ ಹೋಳನ್ನೆಲ್ಲ ಆರಿಸಿ ತಟ್ಟೆಯಂಚಿಗೆ ಇಟ್ಟರು. ವಿಷ್ಣುಪ್ರಸಾದ "ನಮಸ್ಕಾರ ಸಾರ್" ಎಂದರೆ ಆಕಾಶ ನೋಡಿದರು.

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತೊಂದಿತ್ತು. ವರ್ಷದಿಂದ ಶೇಷಪ್ಪನವರ ಬಲಗೈ ನಡುಗುತ್ತಿತ್ತು. ದೀಪಾವಳಿಯಲ್ಲಿ ಕುಂಬಳಕಾಯಿ ಒಡೆಯಲು ಹೋಗಿ ಎಡಗೈ ಬೆರಳಿಗೆ ಮೂರು ಹೊಲಿಗೆ ಬಿದ್ದಿತ್ತು. "ಕತ್ತಿ ಮೊಂಡಾಗಿತ್ತು" ಎಂದು ಕತ್ತಿಯ ಮೇಲೆ ಹಾಕಿದ್ದರು. ಬಂಗಾರಮ್ಮ ಕಾಫಿಯನ್ನು ಅರ್ಧ ಲೋಟ ಕೊಡಲು ಶುರುಮಾಡಿದಾಗ, "ಹಾಲಿಗೆ ಬರಗಾಲವೇನೇ?" ಎಂದು ರೇಗಿದ್ದರು.

ಗುರುವಾರ ಬಂಗಾರಮ್ಮ ತಂಗಿಯ ಮನೆಗೆ ಭದ್ರಾವತಿಗೆ ಹೊರಟರು. "ಸಂಜೆ ನಾಲ್ಕರ ಬಸ್ಸಿಗೆ ಬರ್ತೀನಿ. ಅನ್ನ, ಸಾರು ಮುಚ್ಚಿಟ್ಟಿದೀನಿ. ಒಲೆ ಹತ್ರ ಹೋಗ್ಬೇಡಿ" ಎಂದರು.

ಅವರ ಬಸ್ಸು ಊರು ದಾಟುವ ಮೊದಲೇ ಶೇಷಪ್ಪನವರು ಮಾರ್ಕೆಟ್ಟಿನಲ್ಲಿದ್ದರು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಮಾಗಿದ ಸಣ್ಣದೊಂದು ಕುಂಬಳಕಾಯಿ ತಂದರು. ಅವನಿಗಿಂತ ಒಳ್ಳೆಯ ಸೂಪು ಮಾಡಬೇಕು, ಅದೇ ಬಾಯಲ್ಲಿ "ಮಾರಾಯ್ರೆ" ಅನ್ನಿಸಬೇಕು. ಅಷ್ಟೇ.

ಕತ್ತಿ ಹುಡುಕಿದರೆ ಕತ್ತಿಯೇ ಇಲ್ಲ! ಅಟ್ಟ, ಶೆಲ್ಫು, ಗೋಣಿಚೀಲದ ಹಿಂದೆ, ಎಲ್ಲೂ ಇಲ್ಲ. ಹಾಳಾದವಳು, ಅದನ್ನೂ ಅವನಿಗೇ ಕೊಟ್ಟಳೋ ಏನೋ ಎಂದು ಬೈದುಕೊಂಡು ಹಿತ್ತಲಿಗೆ ಬಂದರು. ಬಚ್ಚಲ ಹಂಡೆಯ ಒಲೆಯಲ್ಲಿ ಬೆಳಗಿನ ಕೆಂಡ ಇನ್ನೂ ಇತ್ತು. ಮಹಡಿಯ ಮೇಲೆ ಸೋಲಾರ್ ಕೂತು ಹತ್ತು ವರ್ಷವಾದರೂ ಈ ಒಲೆಯನ್ನು ಅವರು ಆರಲು ಬಿಟ್ಟವರಲ್ಲ.

"ಕಬ್ಬಿಣ ಕರಗಿಸಿದೋನಿಗೆ ಕುಂಬಳಕಾಯಿ ಯಾವ ಲೆಕ್ಕ!" ಎಂದು ಗಟ್ಟಿಯಾಗಿಯೇ ಹೇಳಿದರು.

ಇಡೀ ಕಾಯಿ ಬೆಂಕಿಯಲ್ಲಿ ಸಿಡಿಯದಿರಲು ಉಗಿ ಹೋಗುವ ದಾರಿ ಬೇಕು. ಮೊಳೆ, ಕಲ್ಲು ತಂದು ನಾಲ್ಕು ತೂತು ಹೊಡೆದರು. ಎರಡು ಏಟು ನೆಲಕ್ಕೆ ಬಿತ್ತು, ನೋಡಿದವರು ಯಾರೂ ಇರಲಿಲ್ಲ. ಇನ್ನಷ್ಟು ತೆಂಗಿನ ಸಿಪ್ಪೆ ಹಾಕಿ, ಕೆಂಡದ ಬಣ್ಣ ನೋಡಿಯೇ ಬಿಸಿ ಅಳೆದು, ಕಾಯಿಯನ್ನು ಕೆಂಡದಲ್ಲಿ ಹೂತರು. ಇಕ್ಕಳದಲ್ಲಿ ಆಗಾಗ ಹೊರಳಿಸಿದರು. ಮುಕ್ಕಾಲು ಗಂಟೆಗೆ ಸಿಪ್ಪೆ ಕರ್ರಗಾಗಿ, ಸೌಟಿನಿಂದ ಒತ್ತಿದ ಕೂಡಲೇ ಕಾಯಿ ತಾನಾಗಿ ಬಾಯಿಬಿಟ್ಟಿತು. ಕತ್ತಿಯ ಹಂಗೇ ಬೇಕಾಗಲಿಲ್ಲ.

ಹೆಸರುಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸಿದರು. ಬೆಳ್ಳುಳ್ಳಿ, ಶುಂಠಿ, ಮೆಣಸು, ಜೀರಿಗೆಯನ್ನು ಕಲ್ಲಿನಲ್ಲಿ ಜಜ್ಜಿ ತುಪ್ಪದಲ್ಲಿ ಹುರಿದು, ಬೇಳೆಗೂ ಕುಂಬಳದ ತಿರುಳಿಗೂ ಸೇರಿಸಿ ಕಡೆಗೋಲಿನಲ್ಲಿ ಕಡೆದರು. ಉಪ್ಪು ಹಾಕುವಾಗ ಮಾತ್ರ ಕೈ ಹೇಳಿದ ಮಾತು ಕೇಳಲಿಲ್ಲ. ಒಂದು ಚಮಚ ಬೀಳಬೇಕಾದಲ್ಲಿ ಎರಡು ಬಿತ್ತು. ಬೀಜವನ್ನು ಬೇಕಂತಲೇ ಮೊರದಲ್ಲಿ ಹರವಿ, ಅಂಗಳದಲ್ಲಿ ಎದ್ದು ಕಾಣುವಂತೆ ಇಟ್ಟರು.

ಐದಕ್ಕೆ ಬಂಗಾರಮ್ಮ ಬಂದರು. ಮೊರ ನೋಡಿದ್ದೇ ತಡ, ಚೀಲವನ್ನು ಅಲ್ಲೇ ಎಸೆದು ಒಳಗೆ ಓಡಿ ಬಂದರು. ಸೂಪಿನ ಪಾತ್ರೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಗಂಡನ ಎರಡೂ ಕೈ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಹತ್ತು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

"ಕತ್ತಿ ಎಲ್ಲಿ ಸಿಕ್ತು ನಿಮ್ಗೆ? ಅಕ್ಕಿ ಡ್ರಮ್ಮಿನೊಳಗೆ ಇಟ್ಟಿದ್ನಲ್ಲ!"

"ಕತ್ತಿ ಮುಟ್ಟಿಲ್ಲ ಕಣೇ. ಸುಟ್ಟೆ" ಎಂದ ಶೇಷಪ್ಪನವರು ಆಮೇಲೆ ಕೇಳಿದರು, "ಅಕ್ಕಿ ಡ್ರಮ್ಮಿನೊಳಗೆ ಯಾಕಿಟ್ಟೆ?"

ಬಂಗಾರಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. "ಇನ್ಯಾಕೆ? ದೀಪಾವಳೀಲಿ ನೆಲದ ಮೇಲಿನ ರಕ್ತ ಒರೆಸಿದೋಳು ನಾನು. ಇನ್ಮೇಲೆ ಒಡೀಬೇಡಿ ಅಂತ ಯಾವ ಬಾಯಲ್ಲಿ ಹೇಳ್ಲಿ ನಿಮ್ಗೆ? ಅದ್ಕೇ ನೀವಿಲ್ದಾಗ ಅವ್ರ ಹತ್ರ ಒಡಿಸ್ದೆ."

ಶೇಷಪ್ಪನವರು ಒಂದು ಬಟ್ಟಲು ಸೂಪು ಮುಂದಿಟ್ಟರು. ಬಂಗಾರಮ್ಮ ಕಣ್ಣೊರೆಸಿಕೊಂಡು ಕುಡಿದರು.

"ಹೆಂಗಿದೆ?"

"ಉಪ್ಪು ಮುಂದಾಗಿದೆ."

"ಅವನದಕ್ಕಿಂತ?"

"ಅಯ್ಯೋ ನಿಮ್ಮ ಹೊಟ್ಟೆಕಿಚ್ಚಿಗಿಷ್ಟು! ಅವ್ರದೂ ಚೆನ್ನಾಗಿತ್ತು" ಎಂದು ಬಂಗಾರಮ್ಮ ಬಟ್ಟಲನ್ನು ಮತ್ತೆ ಮುಂದೆ ಚಾಚಿದರು. "ಆದ್ರೆ ಈ ಕೆಂಡದ ಘಮ ಅದ್ರಲ್ಲಿ ಎಲ್ಲಿತ್ತು ಮಾರಾಯ್ರೆ!"

ಎರಡನೆಯ ಬಟ್ಟಲು ಖಾಲಿಯಾದ ಮೇಲೆ ಸ್ಟೀಲ್ ಡಬ್ಬಿ ತೆಗೆದು ಗಂಡನ ಕೈಗೆ ಕೊಟ್ಟರು. "ವಿಷ್ಣುಪ್ರಸಾದೋರಿಗೂ ಒಂದಿಷ್ಟು ಕೊಟ್ಟು ಬನ್ನಿ. ಅವ್ರು ಕೊಟ್ಟಿದ್ ಬಟ್ಟಲೂ ಹಂಗೇ ಇದೆ."

ಶೇಷಪ್ಪನವರು ತಳಕ್ಕೆ ಸೌಟು ಹಾಕಲಿಲ್ಲ. ಗಟ್ಟಿಯೆಲ್ಲ ತಳದಲ್ಲೇ ಉಳಿಯುವ ಹಾಗೆ, ಮೇಲಿನ ತಿಳಿಯನ್ನಷ್ಟೇ ಹುಷಾರಾಗಿ ಬಗ್ಗಿಸಿದರು. ಬಂಗಾರಮ್ಮ ನೋಡಿಯೂ ನೋಡದವರಂತೆ ಇದ್ದರು. ಡಬ್ಬಿ ಎತ್ತಿಕೊಂಡು ಬಾಗಿಲ ತನಕ ಹೋದ ಶೇಷಪ್ಪನವರು ಹೊಸ್ತಿಲಲ್ಲಿ ನಿಂತರು. ಹಿಂದಿರುಗಿ ಬಂದು ಅದನ್ನು ಹೆಂಡತಿಯ ಮುಂದೆ ಇಟ್ಟರು.

"ಮುಚ್ಚಳ ಸ್ವಲ್ಪ ಬಿಗಿಯಾಗಿ ಹಾಕ್ಕೊಡೇ. ನನ್ನ ಕೈ ನಡುಗುತ್ತೆ."