ಕಮಲಾಕ್ಷ ಹೂತಿಟ್ಟ ಹದಿನೆಂಟು ಎಲೆ

ನಮ್ಮ ಕಮಲಾಕ್ಷನಷ್ಟು ಹಟದ ಮನುಷ್ಯನನ್ನು ನಾನು ಕುವೈತಿನಲ್ಲಿ ಬೇರೆ ನೋಡಿಲ್ಲ. ಹೊರಗೆ ಐವತ್ತು ಡಿಗ್ರಿ ಸುಡುವಾಗ ಸ್ನೋ ಪಾರ್ಕಿನ ಒಳಗೆ ಹಿಮದ ಗುಡ್ಡ ನೋಡಿಕೊಳ್ಳುವ ಕೆಲಸ ಅವನದ್ದು, ಕೂಲಿಂಗ್ ಮೆಷಿನ್ ನನ್ನದು. ಅವನು ಮೊದಲು ಮಲ್ಪೆಯ ಐಸ್ ಪ್ಲಾಂಟಿನಲ್ಲಿದ್ದವ. ದಿನಾ ಬೆಳಿಗ್ಗೆ ಸಲಿಕೆಯ ಬೆನ್ನಿನಿಂದ ಗುಡ್ಡವನ್ನು ತಟ್ಟಿ ಕಿವಿ ಕೊಡುತ್ತಿದ್ದ. “ಎಂತ ಮಾರಾಯ, ಹಲಸಿನಹಣ್ಣು ನೋಡುವುದಾ?” ಅಂತ ನಾನು ತಮಾಷೆ ಮಾಡುತ್ತಿದ್ದೆ.

ಕಳೆದ ವರ್ಷ ಆಯುಧಪೂಜೆಗೆ ಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮ ಊರಿನವರೆಲ್ಲ ಸೇರಿ ಸ್ನೋ ಮೆಷಿನ್, ಸಲಿಕೆ, ಜಾರುಬಂಡಿ ಎಲ್ಲದರ ಮುಂದೆ ಒಂದೊಂದು ಬಾಳೆಲೆ ಹಾಕಿ ಪೂಜೆ ಮಾಡಿದರು. ಕ್ರಿಸ್ತುವನಾದ ನಾನೂ ಅವಲಕ್ಕಿ ತಿಂದೆ. ಪೂಜೆಯ ಎಲೆಯನ್ನು ತುಳಿಯುವಲ್ಲಿ ಹಾಕಬಾರದು, ನೀರಿಗೆ ಬಿಡಬೇಕು. ಕಸದ ಡಬ್ಬಿಗೆ ಹಾಕಲು ಕಮಲಾಕ್ಷ ಸುತರಾಂ ಒಪ್ಪಲಿಲ್ಲ. “ಹಿಮವೂ ನೀರೇ ಅಲ್ವಾ ಡೋಲ್ಫಿಯಣ್ಣ? ಅದರಡಿ ಹೋದರೆ ಯಾರ ಕಾಲೂ ತಾಗುವುದಿಲ್ಲ” ಅಂದವನೇ ಗುಡ್ಡದ ನೆತ್ತಿಯಲ್ಲಿ ಹದಿನೆಂಟು ಎಲೆ ಸಾಲಾಗಿ ಹಾಸಿದ. ಮೆಷಿನ್ ಅದರ ಮೇಲೆ ವಾರವಿಡೀ ಹೊಸ ಹಿಮ ಸುರಿಯಿತು.

ಆಮೇಲೆ ಶುರುವಾಯಿತು ನೋಡಿ. ಯಾರೂ ಇಲ್ಲದಾಗ ಗುಡ್ಡದೊಳಗಿಂದ ‘ಹುಫ್’ ಅಂತ ಒಂದು ಸದ್ದು, ಉಸಿರು ಬಿಟ್ಟ ಹಾಗೆ.

ಒಂದು ಗುರುವಾರ ಹತ್ತು ಗಂಟೆಗೆ ಶಾಲೆಯ ನಲವತ್ತು ಮಕ್ಕಳು ಬರುವವರಿದ್ದರು. ನನ್ನ ಮಗಳು ರಿಯೋನಾ ಕೂಡ. ಬೆಳಿಗ್ಗೆ ಗುಡ್ಡ ತಟ್ಟಿದ ಕಮಲಾಕ್ಷ ನನ್ನನ್ನು ಕೂಗಿ ಕರೆದ.

“ಒಳಗೆ ಟೊಳ್ಳು ಉಂಟು. ಎಲೆಯ ಮೇಲೆ ಹಿಮ ಕಚ್ಚಲಿಲ್ಲ. ಮಕ್ಕಳು ಹತ್ತಿದರೆ ಇಡೀ ಪದರ ಜಾರ್ತದೆ.”

ಮ್ಯಾನೇಜರಿಗೆ ಹೇಳುವಾ ಅಂದೆ. ಹೇಳಿದರೆ ಎಲೆಯ ಕಥೆ ಹೊರಬೀಳುತ್ತದೆ, ಅವನು ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ ಖಲಾಸ್. “ನಾನೇ ಬೀಳಿಸ್ತೇನೆ, ನೀವು ಬಾಗಿಲು ಹಾಕಿ” ಅಂದ. ನಾನು ಒಳಗಿನಿಂದ ಬೀಗ ಹಾಕಿ ಕೀಲಿ ಜೇಬಿಗಿಟ್ಟೆ. ಅವನು ನೆತ್ತಿಗೆ ಹತ್ತಿ ಕಾಲು ಅಪ್ಪಳಿಸಿದ. ಹಿಮ ಚಾಪೆ ಎಳೆದ ಹಾಗೆ ಜಾರಿತು, ಕಮಲಾಕ್ಷ ಅದರಡಿ ಹೋದ.

ಎಲ್ಲಿ ಅಗೆಯುವುದು? ಎಲ್ಲ ಬಿಳಿ. ಬಿದ್ದ ಹಿಮದ ಮೇಲೆ ಬರಿಗಾಲಿನ ಪುಟ್ಟ ಹೆಜ್ಜೆಗಳು ಕಂಡವು, ಒಂದು ಕಡೆ ಹೋಗಿ ನಿಂತಿದ್ದವು. ಯೋಚಿಸಲಿಕ್ಕೆ ಪುರುಸೊತ್ತಿಲ್ಲ, ಅಲ್ಲೇ ಅಗೆದೆ. ಕೈಗೆ ಅವನ ಮಂಕಿ ಕ್ಯಾಪ್ ಸಿಕ್ಕಿತು. ಅವನನ್ನು ಎಳೆದು ತೆಗೆದೆ, ಜೀವ ಇತ್ತು. ನನಗೆ ಅಳು ಬಂತು.

ಉಸಿರು ಬಂದ ಕೂಡಲೇ ನನಗೇ ಬೈದ. “ಮಕ್ಕಳನ್ನು ಯಾಕೆ ಬಿಟ್ಟದ್ದು? ನನ್ನ ಮೇಲೆ ಓಡಾಡ್ತಾ ಇದ್ದರು. ಹೋಗಿ ಹೋಗಿ ಅಂತ ಕೂಗಿದೆ.”

ಮಕ್ಕಳು ಗಾಜಿನ ಆಚೆ ಆಗಷ್ಟೇ ಬಸ್ಸಿಳಿದು ಬರುತ್ತಿದ್ದರು, ಎಲ್ಲರ ಕಾಲಲ್ಲೂ ಶೂ. ರಿಯೋನಾ ಕೈ ಬೀಸಿದಳು. ಕೀಲಿ ನನ್ನ ಜೇಬಿನಲ್ಲೇ ಇತ್ತು.

ಬಿದ್ದ ಎಲೆಗಳನ್ನು ಹೆಕ್ಕಿದೆವು. ಹನ್ನೆರಡೇ ಸಿಕ್ಕಿದ್ದು. ಆರು ಇನ್ನೂ ಮೇಲೆ ಹಿಮದಡಿಯೇ ಉಂಟು, ಅದೂ ಜಾರಬಹುದು. ಕಮಲಾಕ್ಷ ನನ್ನ ಮಗಳನ್ನು ಒಂದು ಸಲ ನೋಡಿದ, ಸೀದಾ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದ. ಮುಂದಿನ ವಾರ ಅವನನ್ನು ಊರಿನ ವಿಮಾನ ಹತ್ತಿಸಿದರು.

ಈಗ ಗುಡ್ಡ ತಟ್ಟುವುದು ನಾನು. ಕೆಲವು ದಿನ ನಾನು ಕಾಲಿಡುವ ಮೊದಲೇ ಹಿಮದ ಮೇಲೆ ಆ ಪುಟ್ಟ ಹೆಜ್ಜೆಗಳು ಇರುತ್ತವೆ. ಅಂಥ ದಿನ ನಾನು ಮಕ್ಕಳಿಗೆ ಬಾಗಿಲು ತೆಗೆಯುವುದಿಲ್ಲ.