ಹಲ್ಲಿನ ಹೊದಿಕೆ ಮತ್ತು ಪಾರ್ಚ್‌ಮೆಂಟ್

ನನ್ನ ಮುಂದಿನ ಹಲ್ಲುಗಳಿಗೆ ಹಾಕಿಸಿದ್ದ ವೆನೀರ್, ಅಂದರೆ ತೆಳು ಪಿಂಗಾಣಿ ಹೊದಿಕೆ, ಬಣ್ಣಗೆಟ್ಟಿತ್ತು. ಜೋಪಾನವಾಗಿ ಇಟ್ಟಿದ್ದ ರಸೀದಿಯ ಪ್ರಕಾರ ಹತ್ತು ವರ್ಷವೂ ದಾಟಿತ್ತು. ಎಲ್ಲವನ್ನೂ ಬದಲಾಯಿಸಿಬಿಡೋಣವೆಂದು ನಾದಿನಿ ಪದ್ಮಳನ್ನು ಕರೆದುಕೊಂಡು ಮೂಡಿಗೆರೆಯ ದಂತವೈದ್ಯೆಯ ಬಳಿ ಹೋದೆ.

"ವರ್ಷ ನೋಡಿ, ಬಣ್ಣ ನೋಡಿ ಬದಲಾಯಿಸೋದಲ್ಲಮ್ಮ. ಅಂಚು ಬಿಟ್ಟಿದ್ರೆ ಮಾತ್ರ ತಡ ಮಾಡಬಾರ್ದು," ಎನ್ನುತ್ತ ಅವರು ಸಣ್ಣ ಕೊಕ್ಕೆಯಿಂದ ಅಂಚುಗಳನ್ನು ಸವರಿದರು. ಎಡಗಡೆಯ ಹಲ್ಲಿನಲ್ಲಿ ಕೊಕ್ಕೆ ಸಿಕ್ಕಿಕೊಂಡಿತು. ನಾನು ಕುರ್ಚಿಯನ್ನು ಬಿಗಿಯಾಗಿ ಹಿಡಿದೆ.

"ಒಳಗೆ ಹುಳುಕು ಆಳಕ್ಕೆ ಇಳಿದಿದ್ರೆ ಹಲ್ಲೇ ಹೋಗ್ಬಹುದು. ಗಟ್ಟಿ ಪದಾರ್ಥ ಏನಾದ್ರೂ ಕಚ್ತೀರಾ?"

"ಇಲ್ಲ," ಎಂದೆ.

"ಇಲ್ವಾ ಅತ್ತಿಗೆ?" ಎಂದಳು ಪದ್ಮ. "ಕಾಫಿ ಒಣಗಿದ್ಯಾ ಅಂತ ಕಣದಲ್ಲಿ ದಿನಾ ಪಾರ್ಚ್‌ಮೆಂಟ್ ಬೀಜ, ಅದೂ ಸಿಪ್ಪೆ ಸಮೇತ, ಕಚ್ಚಿ ನೋಡೋರು ಮತ್ಯಾರು?"

"ತೇವ ಅಳೆಯೋಕೆ ಮೀಟರ್ ಇದೆಯಲ್ಲಮ್ಮ?" ಎಂದರು ವೈದ್ಯೆ.

ಮೀಟರಿಗಿಂತ ನನ್ನ ಹಲ್ಲಿನ ಮೇಲೆ ನನಗೆ ನಂಬಿಕೆ ಹೆಚ್ಚು. ಆದರೆ ಆ ಕುರ್ಚಿಯಲ್ಲಿ ಕೂತು ಹಾಗೆ ಹೇಳುವ ಧೈರ್ಯ ಬರಲಿಲ್ಲ.

ಹೊದಿಕೆ ತೆಗೆದು ವೈದ್ಯೆ ಒಳಗಿನ ಹುಳುಕನ್ನು ಕೆರೆದು ನೋಡಿದರು. ಪದ್ಮಳೂ ಬಗ್ಗಿ ನೋಡಿದಳು.

"ಮೇಲ್ಮೇಲೆ ಇದೆ, ಹಲ್ಲು ಉಳೀತು. ಇದೊಂದನ್ನ ಬದಲಾಯಿಸಿದ್ರೆ ಸಾಕು. ಇನ್ನು ಮುಂದೆ ಕಚ್ಚೋ ಹಾಗಿಲ್ಲ."

ಈ ಕೊಯ್ಲಿನಿಂದ ಆ ಕೆಲಸವನ್ನು ಪದ್ಮಳಿಗೆ ವಹಿಸಿದ್ದೇನೆ. ಅವಳದು ಸ್ವಂತ ಹಲ್ಲು. ಕಚ್ಚುವಷ್ಟು ಹೊತ್ತಾದರೂ ಬಾಯಿ ಮುಚ್ಚಿರುತ್ತದೆ.