ರಬ್ಬರನ್ನು ಕೇಳಿ ಹಚ್ಚುವವನು

ದೊಡ್ಡಬಳ್ಳಾಪುರದಲ್ಲಿ ನನ್ನ ಗ್ಯಾರೇಜಿನ ಎದುರಿಗಿದ್ದ ಆ ಮೆಕ್ಯಾನಿಕ್, ಬ್ರೇಕಿಗೆ ಕೈ ಹಾಕುವ ಮುನ್ನ ಗ್ರೀಸನ್ನು ಬೆರಳಲ್ಲಿ ಉಜ್ಜಿ ಮೂಸುತ್ತಿದ್ದ. "ಕಬ್ಬಿಣ ಏನು ಹಚ್ಚಿದ್ರೂ ತಡ್ಕೊಳ್ಳತ್ತೆ. ರಬ್ಬರನ್ನ ಕೇಳಿ ಹಚ್ಚಬೇಕು ಗುರು" ಎನ್ನುತ್ತಿದ್ದ. ನನ್ನ ಮಾವನವರೂ ತಮ್ಮ ಹಳೇ ಕಾರನ್ನು ಅವನಲ್ಲಿಗೇ ಒಯ್ಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಹಟ ಹಿಡಿದು ಅದಕ್ಕೆ ನಾನೇ ಬ್ರೇಕ್ ಪ್ಯಾಡ್ ಹಾಕಿದೆ. ಪ್ಯಾಡನ್ನು ಒತ್ತುವ ಕ್ಯಾಲಿಪರಿನ ರಬ್ಬರ್ ಹೊದಿಕೆಯ ಪಿನ್ನಿಗೂ ಕಬ್ಬಿಣಕ್ಕೆ ಹಚ್ಚುವ ಬೇರಿಂಗಿನ ಗ್ರೀಸನ್ನೇ ಬಳಿದೆ. ತಿಂಗಳೊಳಗೆ ಬ್ರೇಕ್ ಹಿಡಿದುಕೊಂಡಿತು. ಮಾವ ಮತ್ತೆ ಅವನ ಬಳಿಗೇ ಹೋದರು; ನಾನೂ ರಸ್ತೆ ದಾಟಿ ಹೋಗಿ ನಿಂತೆ. ಅವನು ಬಿಚ್ಚಿದಾಗ ಪಿನ್ನಿನ ರಬ್ಬರ್ ಊದಿಕೊಂಡಿತ್ತು. ಅದನ್ನು ಮೂಸಿದ. ನನ್ನನ್ನು ನೋಡಿದ.

"ರಬ್ಬರ್ ಹಳೇದಾಗಿತ್ತು ಸಾರ್. ನಿಮ್ಮ ಅಳಿಯಂದೇನೂ ತಪ್ಪಿಲ್ಲ" ಎಂದ.

ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವನು ಊರು ಬಿಟ್ಟ ಮೇಲೆ ನಾನೂ ಅಂಥ ಪಿನ್ನುಗಳಿಗೆ ರಬ್ಬರನ್ನು ಊದಿಸದ ಸಿಲಿಕೋನ್ ಗ್ರೀಸನ್ನೇ ಹಚ್ಚುತ್ತೇನೆ. "ರಬ್ಬರನ್ನ ಕೇಳಿ ಹಚ್ಚಬೇಕು" ಎಂದು ಗಿರಾಕಿಗಳಿಗೆ ಹೇಳುತ್ತೇನೆ, ನನ್ನದೇ ಮಾತೆಂಬಂತೆ.